ವೀರೇಂದ್ರನ ಗಾಡಿಯ ಮೇಲಿನ ಮನೆ

ಸಿಂಧನೂರಿನಲ್ಲಿ ಬೀಜ, ಗೊಬ್ಬರ, ಕ್ರಿಮಿನಾಶಕದ ಅಂಗಡಿ ಇಟ್ಟಿರುವ ವೀರೇಂದ್ರ ನನ್ನ ಷಡ್ಡಕ. ಅವನ ಹೆಂಡತಿ ಶಿವಕುಮಾರಿ ಅಕ್ಕ, ನನ್ನ ಹೆಂಡತಿ ಅಶ್ವಿನಿ ತಂಗಿ. ವಯಸ್ಸಿನಲ್ಲಿ ನನಗಿಂತ ದೊಡ್ಡವನಾದ್ದರಿಂದ ಎದುರಿಗೆ ‘ಅಣ್ಣಾರ’ ಎನ್ನುತ್ತೇನೆ. ಬರೆಯುವಾಗ ಅಷ್ಟು ಮರ್ಯಾದೆ ಕೊಡಲು ನನ್ನಿಂದ ಆಗುವುದಿಲ್ಲ, ಯಾಕೆಂದರೆ ಅವನು ಮಾಡಿದ್ದು ಮರ್ಯಾದಸ್ಥರು ಮಾಡುವ ಕೆಲಸವಾಗಿರಲಿಲ್ಲ.

ಅವನ ಅಂಗಡಿಯ ಬಾಗಿಲು ತೆರೆಯುವ ಮೊದಲೇ ಜನ ಬಂದು ನಿಂತಿರುತ್ತಾರೆ. ಭತ್ತಕ್ಕೆ ಜಿಗಿಹುಳು ಬಿದ್ದರೂ ವೀರೇಂದ್ರನೇ ಬೇಕು, ಸೊಸೆ ಮುನಿಸಿಕೊಂಡು ತವರಿಗೆ ಹೋದರೂ ವೀರೇಂದ್ರನೇ ಬೇಕು. ಮನೆಗೆ ಬಂದು ಊಟದ ತಾಟಿಗೆ ಕೈ ಹಾಕಿದರೆ ಬಾಗಿಲಲ್ಲಿ ಯಾರೋ “ಸಾವ್ಕಾರ್ರು ಅದಾರೇನ್ರೀ” ಎಂದು ಕೂಗುತ್ತಾರೆ. ಬಚ್ಚಲಿಗೆ ಹೋದರೆ ಬಚ್ಚಲ ಬಾಗಿಲಿಗೂ ಬರುತ್ತಾರೆ. ಇಲ್ಲ ಎನ್ನಲು ಬಾರದ ಮನುಷ್ಯ. ಅವನಿಗೆ ಅದೊಂದು ರೋಗ ಎಂದು ನಾನು ಎಷ್ಟೋ ಸಲ ಹೇಳಿದ್ದೇನೆ.

ಲಿಂಗಸೂಗೂರಿನಲ್ಲಿ ಒಂದು ಮದುವೆಯಲ್ಲಿ ಪಂಕ್ತಿಗೆ ಕುಳಿತಾಗ ಅವನು ಫೋನಿನಲ್ಲಿ ಏನನ್ನೋ ತೋರಿಸಿದ. ಯಾವುದೋ ದೇಶದ ಯಾವನೋ ಒಬ್ಬ ಗುಡ್ಡದ ಮೇಲೆ ಗಾಡಿ ನಿಲ್ಲಿಸಿ, ಅದರ ನೆತ್ತಿಯ ಮೇಲೆ ಟೆಂಟು ಬಿಚ್ಚಿ, ಚಹಾ ಕಾಸಿಕೊಂಡು ಸುಮ್ಮನೆ ಕುಳಿತಿದ್ದ. ನನಗೆ ಅದರಲ್ಲಿ ನೋಡುವಂಥದ್ದೇನೂ ಕಾಣಲಿಲ್ಲ. ವೀರೇಂದ್ರನ ಕಣ್ಣು ಮಾತ್ರ ಹೊಳೆಯುತ್ತಿತ್ತು.

“ನೋಡಲೇ, ಇವನ್ನ ಯಾರೂ ಕರಿಯಾಕತ್ತಿಲ್ಲ.”

“ಹೌದ್ರೀ, ಪಾಪ.”

“ಪಾಪ ಅಲ್ಲಲೇ ಹುಚ್ಚ. ನನಗೂ ಹಂಗ ಒಂದು ರಾತ್ರಿ ಬೇಕು. ಯಾರೂ ನನ್ನ ಹೆಸರು ಹಿಡಿದು ಕರೀಬಾರ್ದು. ಅಷ್ಟ ಸಾಕು ನೋಡು.”

ಅಷ್ಟೇ ಸಾಕಾಗಿದ್ದರೆ ಒಂದು ಚಾಪೆ, ಒಂದು ಹೊದಿಕೆ ತೆಗೆದುಕೊಂಡು ಹೋಗಬಹುದಿತ್ತು. ಆದರೆ ನಮ್ಮವರು ಯಾವ ಕೆಲಸವನ್ನೂ ಸಣ್ಣದಾಗಿ ಮಾಡುವುದಿಲ್ಲ. ದಿನಾ ಅಂಗಡಿಗೆ ಹೋಗುವ, ಬಳಗಾನೂರಿಗೆ ವಸೂಲಿಗೆ ಹೋಗುವ, ತಾಯಿ ಕಸ್ತೂರೆಮ್ಮನನ್ನು ದವಾಖಾನೆಗೆ ಕರೆದೊಯ್ಯುವ ಒಳ್ಳೆಯ ಎಸ್‌ಯುವಿ ಗಾಡಿಯನ್ನು ಅವನು ಜಂಗ್ಲಿಸಾಬನ ಗ್ಯಾರೇಜಿನಲ್ಲಿ ತಂದು ನಿಲ್ಲಿಸಿದ.

ಜಂಗ್ಲಿಸಾಬ್ ಮೊದಲು ಸ್ಪ್ರಿಂಗು, ಶಾಕ್ ಅಬ್ಸಾರ್ಬರುಗಳನ್ನು ಬದಲಾಯಿಸಿ ಗಾಡಿಯನ್ನು ಎತ್ತರಿಸಿದ. ಆಮೇಲೆ ಟ್ರ್ಯಾಕ್ಟರಿನವು ನಾಚುವಂಥ ಟಾಯರು ತೊಡಿಸಿದ. ಗಾಡಿ ಮನೆ ಮುಂದೆ ಬಂದು ನಿಂತಾಗ ಕಸ್ತೂರೆಮ್ಮ ಸೊಂಟದ ಮೇಲೆ ಕೈಯಿಟ್ಟು ಮೇಲಿಂದ ಕೆಳಗೆ ನೋಡಿ, “ಇದು ಗಾಡಿ ಏನಪಾ, ಅಟ್ಟ ಏನಪಾ?” ಎಂದು ಕೇಳಿದರು. ಅಂದಿನಿಂದ ಅವರು ಹತ್ತಲು ಪ್ಲಾಸ್ಟಿಕ್ ಸ್ಟೂಲು ಬೇಕಾಯಿತು. ಅತ್ತೆ ಸ್ಟೂಲಿನ ಮೇಲೆ ಕಾಲಿಟ್ಟು ಹತ್ತಿ ಕುಳಿತ ಮೇಲೆ ಶಿವಕುಮಾರಿ ಆ ಸ್ಟೂಲನ್ನು ಒಳಗೆ ಹಾಕಿ, ತಾನು ಸೀರೆ ಎತ್ತಿ ಹಿಡಿದು ಹೇಗೋ ಹತ್ತಬೇಕು. ಇಳಿಯುವಾಗ ಮೊದಲು ಅವಳು ಹಾರಬೇಕು. ವೀರೇಂದ್ರ ಇದನ್ನೆಲ್ಲ ಗಮನಿಸಿದ ಹಾಗಿರಲಿಲ್ಲ. ಅವನು ಟಾಯರಿನ ಗಾಳಿ ನೋಡುತ್ತಿದ್ದ.

ನೀರಿಗಿಳಿದಾಗ ಇಂಜಿನ್ನು ಉಸಿರಾಡಲೆಂದು ಬಾನೆಟ್ಟಿನ ಪಕ್ಕದಿಂದ ಚಾವಣಿಯ ತನಕ ಒಂದು ಕಪ್ಪು ಕೊಳವೆ ಬಂತು. ಸಾಲಗುಂದದ ಅಂಬಪ್ಪ ಎಂಬ ರೈತ ಅದನ್ನು ಸುತ್ತು ಹಾಕಿ ನೋಡಿ, ಬೆಳೆಗೆ ಕ್ರಿಮಿನಾಶಕದ ಎಣ್ಣೆ ಹೊಡೆಯುವ ಹೊಸ ಮಶೀನೆಂದೇ ತೀರ್ಮಾನಿಸಿದ. “ಸಾವ್ಕಾರ್ರ, ನಾಳೆ ನಮ್ಮ ಗದ್ದಿಗೆ ತರ್ರಿ” ಎಂದು ಮುಂಗಡ ಹೇಳಿಯೂ ಹೋದ. ಮುಂದಿನ ಬಂಪರಿಗೆ, ಕೆಸರಿನಲ್ಲಿ ಸಿಕ್ಕಿಬಿದ್ದ ಗಾಡಿಯನ್ನು ತಂತಿಹಗ್ಗದಿಂದ ಎಳೆಯುವ ವಿಂಚು ಬಂತು. ಅದು ಬಂದ ವಾರದಿಂದಲೇ ಗದ್ದೆಯಲ್ಲಿ ಹೂತ ಟ್ರ್ಯಾಕ್ಟರುಗಳವರೆಲ್ಲ ಕಾಲುವೆಯ ಉದ್ದಕ್ಕೂ ವೀರೇಂದ್ರನನ್ನೇ ಕೂಗತೊಡಗಿದರು. ಪಕ್ಕಕ್ಕೆ ಬಿಚ್ಚುವ ನೆರಳಿನ ಬಟ್ಟೆ ಬಂತು. ಓಣಿಯವರು ತೊಟ್ಟಿಲ ಕಾರ್ಯಕ್ಕೆ ಪೆಂಡಾಲಿನ ಬದಲು ಅವನ ಗಾಡಿಯನ್ನೇ ತಂದು ಬಾಗಿಲ ಮುಂದೆ ನಿಲ್ಲಿಸಿಕೊಂಡರು.

“ಸಾವ್ಕಾರ್ರ, ನಾ ಇದನ್ನ ನಿಮ್ಮನ್ನ ರಾಡ್ಯಾಗಿಂದ ಎಳಿಯಾಕ ಹಾಕೀನಿ,” ಎಂದ ಜಂಗ್ಲಿಸಾಬ್, ಕೆಸರು ಮೆತ್ತಿದ ವಿಂಚನ್ನು ತೊಳೆಯುತ್ತ. “ಊರ ಮಂದೀನೆಲ್ಲಾ ಎಳೀರಿ ಅಂತ ಹೇಳಿಲ್ಲ.”

ಯಾರೂ ಕರೆಯದ ಜಾಗಕ್ಕೆ ಹೋಗಲೆಂದು ಗಾಡಿಗೆ ಒಂದೊಂದು ಸಾಮಾನು ಹಾಕಿಸಿದಂತೆಲ್ಲ ಜನಕ್ಕೆ ಅವನನ್ನು ಕರೆಯಲು ಒಂದೊಂದು ಹೊಸ ಕಾರಣ ಸಿಗುತ್ತಿತ್ತು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅವನು ನಗಲಿಲ್ಲ.

ಕೊನೆಗೆ ಚಾವಣಿಯ ಟೆಂಟು ಬಂತು. ಮಡಚಿದರೆ ದೊಡ್ಡ ಪೆಟ್ಟಿಗೆ, ಬಿಚ್ಚಿದರೆ ಏಣಿ, ಕಿಟಕಿ, ಹಾಸಿಗೆ ಇರುವ ಸಣ್ಣ ಮನೆ. ಮನೆ ಮುಂದೆ ಬಿಚ್ಚಿ ನೋಡುತ್ತಿದ್ದಾಗ ಹಾದುಹೋಗುವವರು ನಿಂತು, “ಯಾವ ಪಾರ್ಟೀದ್ರೀ? ಎಲೆಕ್ಷನ್ ಬಂತೇನು?” ಎಂದು ಕೇಳಿದರು. ಗಾಡಿಯ ಹಿಂಬದಿಯಲ್ಲಿ ಖಾನೆಗಳು. ಒಂದರಲ್ಲಿ ಸ್ಟೋವು, ಒಂದರಲ್ಲಿ ಹಗ್ಗ, ಇನ್ನೊಂದರಲ್ಲಿ ಚಾಪುಡಿ, ಸಕ್ಕರೆ, ಉಪ್ಪು. ಕಣ್ಣು ಕಟ್ಟಿ ಬಿಟ್ಟರೂ ಯಾವುದು ಎಲ್ಲಿದೆ ಎಂದು ವೀರೇಂದ್ರ ಹೇಳುತ್ತಿದ್ದ.

ಚಳಿಗಾಲದ ಒಂದು ಶನಿವಾರ ಅಂಗಡಿಯನ್ನು ಗುಮಾಸ್ತ ಭೀಮೇಶನಿಗೆ ಒಪ್ಪಿಸಿ ಹೊರಟೇಬಿಟ್ಟ. “ಮಸ್ಕಿ ಕಡೆ ಹೋಗಿ ನಾಳೆ ಬರ್ತೀನಿ” ಎಂದು ಶಿವಕುಮಾರಿಗೆ ಹೇಳಿದ. ಅವಳು ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಟ್ಟಳು. ಏನೂ ಕೇಳಲಿಲ್ಲ. ಊರು ದಾಟಿದ ಮೇಲೆ ಅವನು ಫೋನನ್ನು ಬಂದ್ ಮಾಡಿ ಹಗ್ಗದ ಖಾನೆಯಲ್ಲಿ ಹಾಕಿದ.

ಮಸ್ಕಿಯೇ ಯಾಕೆಂದರೆ ಗುಡ್ಡಕ್ಕಾಗಿ. ಸಿಂಧನೂರಿನ ಸುತ್ತ ಎತ್ತರದ ವಸ್ತು ಎಂದರೆ ಭತ್ತದ ರಾಶಿ ಮತ್ತು ವೀರೇಂದ್ರನ ಗಾಡಿ. ಮಸ್ಕಿ ಬಂದಮೇಲೆಯೇ ನೆಲ ಸ್ವಲ್ಪ ತಲೆ ಎತ್ತುತ್ತದೆ. ಅವನು ರಸ್ತೆ ಬಿಟ್ಟು ಇಳಿದು, ಗೇರು ಬದಲಿಸಿ, ಹಲ್ಲು ಕಚ್ಚಿ, ಮರಳು ಕಲ್ಲು ತುಂಬಿದ ಒಂದು ಹಳ್ಳವನ್ನು ದಾಟಿದ. ಬದುಕಿನಲ್ಲಿ ಅಷ್ಟು ಸಂತೋಷ ಎಂದೂ ಆಗಿರಲಿಲ್ಲವಂತೆ. ಮರುದಿನ ಮರಳುವಾಗ ನಾನು ಆ ಹಳ್ಳವನ್ನು ಬೆಳಕಿನಲ್ಲಿ ನೋಡಿದೆ. ಹಾಲಿನ ಕ್ಯಾನು ಕಟ್ಟಿಕೊಂಡವರು ಹಳೆಯ ಮೊಪೆಡ್ಡುಗಳಲ್ಲಿ ಬೀಡಿ ಸೇದುತ್ತ ಅದನ್ನು ದಾಟುತ್ತಿದ್ದರು. ಇದನ್ನು ಅವನಿಗೆ ಇನ್ನೂ ಹೇಳಿಲ್ಲ.

ಗುಡ್ಡದ ಬುಡದಲ್ಲಿ, ಜೋಳದ ಹೊಲದ ಬದುವಿನ ಬೇವಿನ ಗಿಡದ ಕೆಳಗೆ ಗಾಡಿ ನಿಲ್ಲಿಸಿ ಟೆಂಟು ಬಿಚ್ಚಿದ. ಪಕ್ಕದ ನೆರಳುಬಟ್ಟೆ ಎಳೆದ. ಸ್ಟೋವು ಹಚ್ಚಿ ಉಪ್ಪಿಟ್ಟಿಗೆ ಇಟ್ಟ. ಹೊತ್ತು ಇನ್ನೂ ಗುಡ್ಡದ ಮೇಲಿತ್ತು. ಯಾರೂ ಕರೆಯಲಿಲ್ಲ. ಆಗ ಹೊಲದ ಒಡತಿ ಗದ್ದೆಮ್ಮ ಹುಲ್ಲಿನ ಹೊರೆ ಹೊತ್ತು ಬಂದಳು. ಮುಂದಿನದನ್ನು ಅವಳೇ ನನಗೆ ಹೇಳಿದ್ದು.

“ಯಾರ್ರೀ ಅದು? ಗಾಡಿ ಕೆಟ್ಟೈತೇನು?”

“ಇಲ್ಲಮ್ಮ. ಸುಮ್ನ ಬಂದೀನಿ. ಇವತ್ತ ರಾತ್ರಿ ಇಲ್ಲೇ ಮಲಗ್ತೀನಿ.”

“ಇಲ್ಲೆಲ್ಲಿ?”

ವೀರೇಂದ್ರ ಮೇಲಕ್ಕೆ ಬೆರಳು ತೋರಿಸಿದ. ಗದ್ದೆಮ್ಮ ಹೊರೆ ಇಳಿಸಿದಳು.

“ಮನಿ ಇಲ್ಲೇನ್ರೀ ನಿಮಗ?”

“ಐತಿ, ಸಿಂಧನೂರಾಗ.”

“ಹೆಂಡ್ತಿ?”

“ಅದಾಳ.”

“ಮತ್ಯಾಕ್ರೀ?”

ವೀರೇಂದ್ರ ಇಲ್ಲೇ ಎಡವಿದ. ಗಾಡಿ ಕೆಟ್ಟಿದೆ ಎಂದು ಒಂದು ಸುಳ್ಳು ಹೇಳಿದ್ದರೆ ಎಲ್ಲ ಸುಸೂತ್ರವಾಗುತ್ತಿತ್ತು. ಅವನು ನಿಜ ಹೇಳಿದ. “ಯಾರೂ ಇರಬಾರ್ದು ಅಂತ ಬಂದೀನಮ್ಮ” ಎಂದ. ನಮ್ಮ ಕಡೆ ಹೀಗೆ ಹೇಳುವ ಗಂಡಸು ಒಂದೋ ಸನ್ಯಾಸಿಯಾಗಲು ಹೊರಟವನು, ಇಲ್ಲವೇ ಹೆಂಡತಿಯೊಂದಿಗೆ ಜಗಳವಾಡಿ ಮನೆ ಬಿಟ್ಟವನು. ಗದ್ದೆಮ್ಮ ಅವನ ಹೊಟ್ಟೆಯನ್ನೂ ಉಪ್ಪಿಟ್ಟಿನ ಬೋಗುಣಿಯನ್ನೂ ನೋಡಿ ಸನ್ಯಾಸವನ್ನು ಅಲ್ಲಿಗೇ ಕೈಬಿಟ್ಟಳು. ಬಗ್ಗಿ ಸ್ಟೋವು ಆರಿಸಿದಳು.

“ನಮ್ಮ ಹೊಲಕ್ಕ ಬಂದ ಮನಿಶ್ಯಾ ತಾನ ಒಲಿ ಹಚ್ಚಿಗೊಂಡ ಅಂದ್ರ ನಾ ಊರಾಗ ಮಾರಿ ಹೆಂಗ ತೋರಸ್ಲಿ? ಎಳ್ಳ ಅಮಾಸಿಗೆ ಹೊಲದಾಗ ಉಣ್ಣಾಕ ಬರ್ತಾರ, ಖರೆ. ಮನಿಮಂದೀನೆಲ್ಲಾ ಕಟಿಗೊಂಡು ಬರ್ತಾರ. ಒಬ್ಬರ ಬಂದು ಉಣ್ಣಾದು ಎಲ್ಲೈತ್ರೀ?”

ಬೋಗುಣಿ ಸಮೇತ ಉಪ್ಪಿಟ್ಟು ಹೋಯಿತು. ಸ್ವಲ್ಪ ಹೊತ್ತಿಗೆ ಅವಳ ಗಂಡ ಅಯ್ಯಪ್ಪ ಬಿಸಿ ರೊಟ್ಟಿ, ಪುಂಡಿಪಲ್ಲೆ ಹಿಡಿದು ಬಂದ. ಅಯ್ಯಪ್ಪ ಬಸ್ ಕಂಡಕ್ಟರ್, ಲಿಂಗಸೂಗೂರು ಮುದಗಲ್ ದಾರಿಯಲ್ಲಿ ಅವನಿಗೆ ಗೊತ್ತಿಲ್ಲದ ಮುಖವಿಲ್ಲ. ನೊಂದವರನ್ನು ಹೇಗೆ ಮಾತಾಡಿಸಬೇಕೆಂದು ಬಲ್ಲವನು. ಊಟ ಮಾಡಿಸುತ್ತ, ಹೆಸರು, ಅಂಗಡಿ ಎಲ್ಲ ಕೇಳಿ, ಹೆಂಡತಿಯ ತವರು ಮುದಗಲ್ ಎಂದು ತಿಳಿದಾಗ ಕಿವಿ ನಿಮಿರಿಸಿದ.

“ಮುದಗಲ್ ವಿರೂಪಾಕ್ಷಪ್ಪನೋರು ನಿಮಗೇನಾಗ್ಬೇಕು?”

“ನನ್ನ ಹೆಂಡ್ತಿ ಕಾಕಾ.”

“ನಮ್ಮ ಬಸ್ಸಿನ್ಯಾಗ ಬರ್ತಾರ ಬಿಡ್ರಿ” ಎಂದು ಅಯ್ಯಪ್ಪ ಕೈ ತೊಳೆದು, ಜೋಳದ ಮರೆಗೆ ಹೋಗಿ ಫೋನು ಮಾಡಿದ. ಅದರಲ್ಲಿ ಕೆಟ್ಟ ಉದ್ದೇಶ ಎಳ್ಳಷ್ಟೂ ಇರಲಿಲ್ಲ. ಮುನಿಸಿಕೊಂಡು ಹೋದವನು ಒಂದು ರಾತ್ರಿ ಹೊರಗೆ ಕಳೆದರೆ ಮುನಿಸು ಗಟ್ಟಿಯಾಗಿಬಿಡುತ್ತದೆ, ಹೊತ್ತು ಮುಳುಗುವುದರೊಳಗೆ ಸಮಾಧಾನ ಮಾಡಬೇಕು ಎಂದು ನಮ್ಮ ಹಿರಿಯರೆಲ್ಲ ನಂಬಿದ್ದಾರೆ.

ಹಿಂದೆಯೇ ನನ್ನ ಫೋನು ಹೊಡೆದುಕೊಂಡಿತು.

“ಎದ್ದು ಬಾರಲೇ! ನಿನ್ನ ಷಡ್ಡಕ ಮನಿ ಬಿಟ್ಟಾನ. ಮಸ್ಕ್ಯಾಗ ಗಾಡಿ ನೆತ್ತಿ ಮ್ಯಾಲ ಬ್ಯಾರೆ ಮನಿ ಮಾಡ್ಯಾನ!” ಎಂದರು ವಿರೂಪಾಕ್ಷಪ್ಪ ಮಾವ. ನಾನು ಇದ್ದದ್ದನ್ನು ಹೇಳಲು ಬಾಯಿ ತೆರೆದೆ. ಅವರು ಆಗಲೇ ಬಸ್ಸು ಹತ್ತಿದ್ದರು. ಪಂಚಾಯ್ತಿ ಮಾಡುವುದರಲ್ಲಿ ಮುದಗಲ್ ಸುತ್ತ ಅವರ ಹೆಸರು ದೊಡ್ಡದು. ನಾನಿರುವ ಲಿಂಗಸೂಗೂರಿನ ಬಸ್‌ಸ್ಟ್ಯಾಂಡಿನಿಂದ ಅವರನ್ನು ನನ್ನ ಬೈಕಿನ ಹಿಂದೆ ಕೂರಿಸಿಕೊಂಡು ಹೊರಟೆ. ದಾರಿಯುದ್ದಕ್ಕೂ ಅವರು ನನ್ನ ಬೆನ್ನಿಗೆ ನ್ಯಾಯ ಹೇಳಿದರು.

ನಾವು ಮುಟ್ಟುವ ಹೊತ್ತಿಗೆ ನೆರಳುಬಟ್ಟೆಯ ಕೆಳಗೆ ಜಮಖಾನೆ ಹಾಸಿತ್ತು. ಪಕ್ಕದ ಹೊಲಗಳವರೂ ಬಂದು ಕುಳಿತಿದ್ದರು, ಚಹಾ ಹಂಚಿಕೆ ನಡೆದಿತ್ತು. ನಡುವೆ ವೀರೇಂದ್ರ, ತನ್ನದೇ ಮಡಚುವ ಕುರ್ಚಿಯಲ್ಲಿ, ನೋಡಲು ಬಂದ ಬೀಗರ ಮುಂದೆ ಕೂರಿಸಿದ ಕನ್ಯೆಯ ಹಾಗೆ ತಲೆ ತಗ್ಗಿಸಿ ಕುಳಿತಿದ್ದ.

“ಮಾವಾರ, ನಾವು ಜಗಳಾನ ಆಡಿಲ್ಲರೀ.”

“ಹೌದೌದು. ಎಲ್ಲಾರೂ ಮೊದಲ ಹಂಗ ಅಂತಾರ.”

ವಿರೂಪಾಕ್ಷಪ್ಪ ಗಾಡಿಯನ್ನು ಪರೀಕ್ಷಿಸಿದರು. ಖಾನೆಗಳನ್ನು ಒಂದೊಂದಾಗಿ ಎಳೆದು ಸಭೆಗೆ ತೋರಿಸಿದರು. “ಚಾಪುಡಿ. ಸಕ್ಕರಿ. ಉಪ್ಪು. ಸೂಜಿ ದಾರ. ಮ್ಯಾಲ ಹಾಸಿಗಿ. ಇದು ಒಂದು ರಾತ್ರಿ ಸಾಮಾನೇನ್ರೀ ಅಳಿಯಾರ? ಇದು ಬ್ಯಾರೆ ಸಂಸಾರ!” ಸಭೆ ಹೌದೆಂದು ತಲೆಯಾಡಿಸಿತು. ನನಗೆ ನಗು ಉಕ್ಕಿ ಬರುತ್ತಿತ್ತು. ಅಷ್ಟರಲ್ಲಿ ಸಿಂಧನೂರು ಕಡೆಯ ಬಸ್ಸು ನಿಲ್ದಾಣವೇ ಇಲ್ಲದ ಜಾಗದಲ್ಲಿ ನಿಂತು ಶಿವಕುಮಾರಿಯನ್ನು ಇಳಿಸಿತು. ಅಯ್ಯಪ್ಪ ಆ ಕಂಡಕ್ಟರನಿಗೂ ಹೇಳಿಟ್ಟಿದ್ದ. ಅವಳ ಮುಖ ನೋಡಿದ ಮೇಲೆ ನನಗೆ ನಗು ಬರಲಿಲ್ಲ. ದಾರಿಯಲ್ಲಿ ಅತ್ತಿದ್ದಳು.

“ಏನವ್ವಾ, ನೀ ಏನಂದಿ ಅವರಿಗೆ?” ಎಂದು ವಿರೂಪಾಕ್ಷಪ್ಪ ಮೆತ್ತಗೆ ಕೇಳಿದರು.

“ರೊಟ್ಟಿ ಕಟ್ಟಿ ಕೊಟ್ಟೀನಿ ಕಾಕಾ. ಒಂದ ಮಾತೂ ಅಂದಿಲ್ಲ. ನೀವು ಫೋನ್ ಮಾಡಿ ನೀ ಏನ್ ಮಾಡ್ದಿ ಅಂದ್ರಿ. ಮುದಗಲ್ಲಿಂದ ನಮ್ಮವ್ವ ಮಾಡಿ ನೀ ಏನ್ ಮಾಡ್ದಿ ಅಂದ್ಲು. ಬಸ್ಸಿನ್ಯಾಗ ಗುರ್ತಿಲ್ಲದಾಕಿ ಒಬ್ಬಾಕಿ ಹೊಂದಿಕೊಂಡು ಹೋಗಬೇಕವ್ವಾ ಅಂದ್ಲು. ಮನಿ ಬಿಟ್ಟು ಬಂದವರನ್ನ ಯಾರೂ ಏನೂ ಕೇಳವಲ್ರು.”

ವೀರೇಂದ್ರ ಎದ್ದು ನಿಂತ. “ಮನಿ ಬಿಟ್ಟಿಲ್ಲ ಶಿವಕುಮಾರಿ. ಯಾರೂ ಕರೀಲಾರದ ಕಡಿ ಒಂದು ರಾತ್ರಿ ಸುಮ್ನ ಇರಬೇಕಂತ...”

ಅವಳು ತೆರೆದಿದ್ದ ಖಾನೆಯ ಮುಂದೆ ಹೋಗಿ ನಿಂತಳು. ಆಮೇಲೆ ತಲೆಯೆತ್ತಿ ಟೆಂಟನ್ನು ನೋಡಿದಳು.

“ಇದರಾಗ ಎಷ್ಟು ಮಂದಿ ಹಿಡೀತಾರ್ರೀ?”

“ಇಬ್ರು.”

“ಹಂಗಾದ್ರ ತಾಟು ಯಾಕ ಒಂದ ಐತಿ?”

ಖಾನೆಯಲ್ಲಿ ನಿಜಕ್ಕೂ ಒಂದೇ ತಾಟು, ಒಂದೇ ಲೋಟ ಇದ್ದವು. ವಿರೂಪಾಕ್ಷಪ್ಪನವರ ಕಣ್ಣಿಗೂ ಅದು ಬಿದ್ದಿರಲಿಲ್ಲ.

“ನಿಮ್ಮನ್ನ ಅಂಗಡಿಗೆ ಬಂದು ಕರೀತಾರ. ನನ್ನ ಯಾರು ಕರಿಯಂಗಿಲ್ಲ ಹೇಳ್ರಿ? ನಿಮ್ಮವ್ವ ಕರೀತಾರ. ಮಗಳು ಕರೀತಾಳ. ಅಂಗಿ ಎಲ್ಲೈತಿ ಅಂತ ನೀವು ಕರೀತೀರಿ. ಕಣ್ಣ ಮುಂದಿದ್ರೂ ಕರೀತೀರಿ. ನಿಮಗ ಸಾಕಾತು, ಗಾಡಿ ಕಟ್ಟಿಸ್ಕೊಂಡು ಬಂದ್ರಿ. ನನಗ ಸಾಕಾಗ್ಯದೇನು ಅಂತ ಒಂದಿನಾರ ಕೇಳೀರೇನು?”

ನಾನು ನೆಲ ನೋಡಿದೆ, ಯಾಕೆಂದರೆ ಆ ಕ್ಷಣ ಅಲ್ಲಿದ್ದ ಗಂಡಸರೆಲ್ಲ ನೆಲ ನೋಡುತ್ತಿದ್ದರು.

ವಿರೂಪಾಕ್ಷಪ್ಪ ಗಂಟಲು ಸರಿಪಡಿಸಿಕೊಂಡು ತೀರ್ಪು ಕೊಟ್ಟರು. “ಆತು. ಈಗ ಇಬ್ರೂ ಮ್ಯಾಲ ಹತ್ರಿ. ನಾವೆಲ್ಲಾ ಇಲ್ಲೇ ಕೆಳಗ ಕುಂದರ್ತೀವಿ. ಮುಂಜಾನಿ ಇಬ್ರೂ ನಕ್ಕೋಂತ ಇಳೀಬೇಕು.” ಸಭೆಗೆ ಇದು ಬಹಳ ಹಿಡಿಸಿತು. ಗದ್ದೆಮ್ಮ ಓಡಿಹೋಗಿ ಒಂದು ಚರಗಿ ಬಿಸಿ ಹಾಲು ತಂದಳು. ಕಾಲೇಜಿಗೆ ಹೋಗುವ ಮಗಳಿರುವ ದಂಪತಿಗೆ ಊರೆಲ್ಲ ಸೇರಿ ಪ್ರಸ್ತ ಮಾಡುತ್ತಿರುವುದನ್ನು ನಾನು ಈ ಕಣ್ಣುಗಳಿಂದಲೇ ನೋಡಿದೆ.

ಶಿವಕುಮಾರಿ ಚರಗಿ ತೆಗೆದುಕೊಂಡು ಅಷ್ಟೂ ಹಾಲನ್ನು ತಾನೇ ಕುಡಿದಳು. ಸೆರಗಿನಿಂದ ಬಾಯಿ ಒರೆಸಿದಳು. ತನ್ನ ಫೋನನ್ನು ಗಂಡನ ಕೈಯಲ್ಲಿಟ್ಟಳು.

“ನಾ ಒಬ್ಬಾಕೀನ ಮಲಗ್ತೀನಿ. ಯಾರೂ ಕರೀಬ್ಯಾಡ್ರಿ.”

ಏಣಿ ಹತ್ತಿ ಒಳಗೆ ಹೋಗಿ ಟೆಂಟಿನ ಜಿಪ್ಪು ಎಳೆದುಕೊಂಡಳು.

ಕೆಳಗೆ ಗದ್ದಲವೋ ಗದ್ದಲ. ಮನೆ ಬಿಟ್ಟ ಗಂಡನನ್ನು ಸಮಾಧಾನ ಮಾಡಲು ಬಂದಿದ್ದ ಪಂಚಾಯ್ತಿಗೆ ಈಗ ಗಾಡಿ ಹತ್ತಿದ ಹೆಂಡತಿ ಗಂಟುಬಿದ್ದಿದ್ದಳು. ವಿರೂಪಾಕ್ಷಪ್ಪ ತಮ್ಮ ಇಡೀ ಜೀವಮಾನದ ಪಂಚಾಯ್ತಿಗಳಲ್ಲಿ ಇಂಥದ್ದನ್ನು ಕಂಡಿರಲಿಲ್ಲ. “ಏನವ್ವಾ, ಇಳಿ” ಎಂದು ಕೂಗಲು ಏಣಿಯ ಕಡೆ ಹೋದರು. ವೀರೇಂದ್ರ ಅಡ್ಡ ಬಂದು ನಿಂತ.

“ಮಾವಾರ, ಕರೀಬ್ಯಾಡ ಅಂದಾಳ. ಕರೀಬ್ಯಾಡ್ರಿ.”

ಇಲ್ಲ ಎನ್ನಲು ಬಾರದ ಮನುಷ್ಯ ಹೆಂಡತಿಯ ಕಾಕಾನಿಗೆ ಇಲ್ಲ ಎಂದಿದ್ದ. ಅದೇ ಹೊತ್ತಿಗೆ ಅವನ ಕೈಯಲ್ಲಿದ್ದ ಅವಳ ಫೋನು ಬಡಿದುಕೊಂಡಿತು. ಕಸ್ತೂರೆಮ್ಮ.

“ಶಿವಕುಮಾರೀ, ನನ್ನ ಬಿಪಿ ಗುಳಿಗಿ ಎಲ್ಲಿಟ್ಟೀ ತಾಯಿ?”

“ಅವ್ವಾ, ನಾನು.”

“ನಿನಗೇನ್ ಗೊತ್ತಾಗ್ತೈತಿ? ಆಕಿ ಕೈಯಾಗ ಕೊಡು.”

ವೀರೇಂದ್ರ ಟೆಂಟಿನ ಕಡೆ ನೋಡಿದ. ಒಂದು ಮಾತು ಕೇಳಿದ್ದರೆ ಅವಳು ಒಳಗಿನಿಂದಲೇ ಹೇಳುತ್ತಿದ್ದಳು. ಅವನು ಕೇಳಲಿಲ್ಲ. “ಆಕಿ ಮಲಗ್ಯಾಳ. ನಾ ಬಂದು ಹುಡುಕ್ತೀನಿ” ಎಂದು ಫೋನು ಇಟ್ಟ. ಕಿಸೆಯಿಂದ ಗಾಡಿಯ ಕೀಲಿ ತೆಗೆದು, ಒಂದು ಗಳಿಗೆ ಅದನ್ನೇ ನೋಡಿ ಮತ್ತೆ ಕಿಸೆಗೆ ಹಾಕಿದ. ಹೆಂಡತಿ ಮಲಗಿದ್ದ ಗಾಡಿಯನ್ನು ಓಡಿಸುವ ಹಾಗಿರಲಿಲ್ಲ. ಹಳ್ಳ ದಾಟುವ ಟಾಯರು, ವಿಂಚು, ಕೊಳವೆ ಎಲ್ಲ ಬೇವಿನ ಗಿಡದ ಕೆಳಗೇ ನಿಂತವು. ಅವುಗಳ ಒಡೆಯ ನನ್ನ ಬೈಕಿನ ಹಿಂದೆ ಕಾಲು ಮುದುಡಿಕೊಂಡು ಸಿಂಧನೂರಿಗೆ ಬಂದ.

ಮನೆಯಲ್ಲಿ ಅವನು ಅಡುಗೆಮನೆಯ ಡಬ್ಬಿಗಳನ್ನೆಲ್ಲ ಬಿಚ್ಚಿದ. ಸಾಸಿವೆ ಚೆಲ್ಲಿದ. ಕಸ್ತೂರೆಮ್ಮ ಮಂಚದ ಮೇಲಿಂದಲೇ “ಅಲ್ಲಲ್ಲೋ, ಆ ಕಡಿ” ಎನ್ನುತ್ತಿದ್ದರು, ಆ ಕಡೆ ಎಂದರೆ ಯಾವ ಕಡೆ ಎಂದು ಅವರಿಗೂ ಗೊತ್ತಿರಲಿಲ್ಲ. ಮಗಳು ಹಾಸ್ಟೆಲಿನಿಂದ ಫೋನು ಮಾಡಿದಳು. ಹಾಲಿನವಳು ಮಾಡಿದಳು. ಓಣಿಯ ಯಾರೋ ಹೆಂಗಸು ಇಡ್ಲಿ ಹಿಟ್ಟಿನ ಬಗ್ಗೆ ಕೇಳಿದಳು. ಎಲ್ಲರಿಗೂ ಅವನು “ಆಕಿ ಮಲಗ್ಯಾಳ್ರೀ, ನನಗ ಹೇಳ್ರಿ” ಎಂದ. ಗುಳಿಗೆ ದೇವರ ಜಗಲಿಯ ಮೇಲೆ ವಿಭೂತಿ ಗಟ್ಟಿಯ ಪಕ್ಕದಲ್ಲಿತ್ತು, ಪೂಜೆಯಾದ ಕೂಡಲೇ ಅತ್ತೆಗೆ ನೆನಪಾಗಲೆಂದು ಅವಳು ಅಲ್ಲಿಟ್ಟಿದ್ದಳು. ಅದನ್ನು ಕೈಯಲ್ಲಿ ಹಿಡಿದು ಅವನು ಸುಮಾರು ಹೊತ್ತು ಅಲ್ಲೇ ನಿಂತಿದ್ದ. ನನಗೆ ಅವನನ್ನು ಕಂಡು ಮೊದಲ ಸಲ ಕನಿಕರವೆನಿಸಿತು.

ಬೆಳಗಿನ ಚಳಿಯಲ್ಲಿ ಮತ್ತೆ ಮಸ್ಕಿಗೆ ಹೋದೆವು. ಜಮಖಾನೆಯ ಮೇಲೆ ವಿರೂಪಾಕ್ಷಪ್ಪ ಮಾವ ತಲೆಗೆ ಟವೆಲು ಸುತ್ತಿಕೊಂಡು ಗೊರಕೆ ಹೊಡೆಯುತ್ತಿದ್ದರು. ಬಿಸಿಲು ಗುಡ್ಡ ಇಳಿದು ಜೋಳದ ತೆನೆಗೆ ಬಂದಿತ್ತು. ವೀರೇಂದ್ರ ಏಣಿಯ ಹತ್ತಿರ ನೆಲದ ಮೇಲೆ ಕುಳಿತ. ಕೂಗಲಿಲ್ಲ, ಕೆಮ್ಮಲೂ ಇಲ್ಲ. ಬಹಳ ಹೊತ್ತಾದ ಮೇಲೆ ಜಿಪ್ಪು ಸರಿಯಿತು. ಶಿವಕುಮಾರಿ ಕೆದರಿದ ಕೂದಲಲ್ಲಿ ಬಾಗಿಲಿಗೆ ಬಂದು, ಕಾಲು ಇಳಿಬಿಟ್ಟು ಕುಳಿತು, ಗುಡ್ಡವನ್ನೂ ಗಂಡನನ್ನೂ ನೋಡಿದಳು.

“ನಿದ್ದಿ ಬಂತೇನು?” ಎಂದ ವೀರೇಂದ್ರ.

“ಹೂಂ. ಎಚ್ಚರಾದಾಗ ಯಾರೂ ಕರಿಯವಲ್ರಲ್ಲ ಅಂತ ಅಂಜಿಕಿ ಆತು. ಆಮ್ಯಾಲ ನೆಪ್ಪಾತು. ಮತ್ತ ಮಕ್ಕೊಂಡೆ.” ಆಮೇಲೆ ಅವಳೇ ಕೇಳಿದಳು, “ಮುಂದಿನ ಸಲ ನೀವೂ ಬರ್ತೀರೇನು?”

ಆ ಗಾಡಿ ಅವನದು, ಟೆಂಟು ಅವನದು, ಹುಚ್ಚೂ ಅವನದೇ. ಅವನು ಅದ್ಯಾವುದನ್ನೂ ಹೇಳಲಿಲ್ಲ.

“ನೀ ಕರದ್ರ ಬರ್ತೀನಿ,” ಎಂದ.